ಬಾಗಿಲು ಹೊತ್ತವನ ಆಟ

"ಎಡಕ್ಕೆ, ಎಡಕ್ಕೆ... ಅಯ್ಯೋ, ನನ್ನ ಎಡಕ್ಕಲ್ಲಪ್ಪಾ, ನಿನ್ನ ಎಡಕ್ಕೆ!"

ಬಡಗಿ ಕೆಳಗಿನಿಂದ ಕೂಗುತ್ತಲೇ ಇದ್ದ. ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತಾಗಿತ್ತು. ಮುಂದೆ ಹಿಡಿದವರ ಬೆನ್ನು ಗೋಡೆಗೆ ಅಂಟಿತ್ತು. ಹಿಂದೆ ಹಿಡಿದವರು ಒಂದು ಕಾಲು ಮೆಟ್ಟಿಲಲ್ಲಿ, ಇನ್ನೊಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡು ನಿಂತಿದ್ದರು. ಬದುಕಿದ್ದಾಗ ಯಾರಿಗೂ ಒಂದು ಲೋಟ ನೀರಿನ ತೊಂದರೆ ಕೊಡದ ಮನುಷ್ಯ, ಹೊರಡುವಾಗ ಇಡೀ ಬೀದಿಗೆ ಬೆವರಿಳಿಸುತ್ತಿದ್ದರು.

"ಬಾಗಿಲೇ ಅಡ್ಡ," ಎಂದ ಬಡಗಿ ಕೊನೆಗೆ. "ಒಳಗಡೆಗೆ ತೆರ್ಕೊಳ್ಳುತ್ತೆ ನೋಡಿ. ಇದನ್ನ ಕಳಚದೆ ಆಗೋದಿಲ್ಲ. ಹಾಗೇ ಹಿಡ್ಕೊಂಡಿರಿ, ಒಂದು ಗಳಿಗೆ."

"ನಿನ್ನ ಗಳಿಗೆ ನಂಗೊತ್ತಪ್ಪಾ. ನಮ್ಮನೆ ಕಪಾಟು ಇನ್ನೂ ಬಂದಿಲ್ಲ," ಎಂದು ಪೆಟ್ಟಿಗೆಯ ಹಿಂದಿನಿಂದ ಯಾರೋ ನರಳಿದರು.

ಹಲ್ಲಮ್ಮ ಮಹಡಿಯ ಕಿಟಕಿಯ ಬಳಿ ನಿಂತಿದ್ದಳು. ಮೆಟ್ಟಿಲಲ್ಲಿ ಜಾಗವಿರಲಿಲ್ಲ, ಕೋಣೆಯಲ್ಲಿ ಕೂರಲು ಮನಸ್ಸಿರಲಿಲ್ಲ. ಪಕ್ಕದಲ್ಲಿ ಅತ್ತಿಗೆ, ಅಂದರೆ ತೀರಿಕೊಂಡ ಹಲ್ಲಪ್ಪನವರ ಅಕ್ಕ, ಕೈಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಬೆಳಿಗ್ಗೆಯಿಂದ ಅವರು ಯಾರ ಹತ್ತಿರವೂ ಮಾತನಾಡಿರಲಿಲ್ಲ. ಮೊದಲೂ ಅವರು ಮಾತುಗಾತಿಯಲ್ಲ. ಅಕ್ಕ ತಮ್ಮ ಇಬ್ಬರದೂ ಒಂದೇ ಅಚ್ಚು.

ಕೆಳಗೆ ಬಡಗಿ ಬಿಜಾಗರಿಯ ತಿರುಪುಗಳನ್ನು ಬಿಚ್ಚಿ, ಬಾಗಿಲನ್ನು ಎತ್ತಿ, ಎದುರಿಗೆ ಸಿಕ್ಕ ಹಲ್ಲಪ್ಪನವರ ಅಳಿಯನ ಕೈಗೆ ಕೊಟ್ಟುಬಿಟ್ಟ. "ಹಿಡ್ಕೊಳ್ಳಿ ಸಾರ್, ಈಗ ಬಂದೆ."

ಅಳಿಯ ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಮನುಷ್ಯ. ಕರಿಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ. ಯಾರು ಏನು ಕೈಗೆ ಕೊಟ್ಟರೂ ಬೇಡ ಎನ್ನಲು ಬಾರದ ಸಂಕೋಚದವನು. ಬಾಗಿಲನ್ನು ಗೋಡೆಗೆ ಒರಗಿಸಲು ಹೋದ, ಅಲ್ಲಿ ಹೂವಿನ ಬುಟ್ಟಿಗಳಿದ್ದವು. ಎದುರುಗಡೆಗೆ ಹೋದ, ಅಲ್ಲಿ ಹೆಂಗಸರು ನಿಂತಿದ್ದರು. ಹಿಂದಕ್ಕೆ ಸರಿದ, ಶವದ ಗಾಡಿ. ಕಡೆಗೆ ದಿಕ್ಕು ತೋಚದೆ ಓಣಿಯ ನಟ್ಟನಡುವೆ ಬಾಗಿಲನ್ನು ನೆಟ್ಟಗೆ ನಿಲ್ಲಿಸಿ, ಅದರ ಹಿಂದೆ ತಾನು ನಿಂತು, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ.

ಆಗ ಹೆಡ್ಮಾಸ್ಟರು ಬಂದರು. ಅವರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಕಣ್ಣು ಮಂಜು, ಕನ್ನಡಕ ದಪ್ಪ, ಕೈಯಲ್ಲೊಂದು ಕೋಲು. ಹಸಿರು ಬಣ್ಣ, ನಡುವೆ ಹಿತ್ತಾಳೆಯ ಟಪಾಲು ಕಿಂಡಿ: ಈ ಬಾಗಿಲಿನ ಗುರುತು ಹಿಡಿದೇ ಅವರು ಹಲ್ಲಪ್ಪನವರ ಮನೆಗೆ ಬರುತ್ತಿದ್ದುದು. ಬಾಗಿಲು ಕಂಡಿತು. ನಿಂತರು. ಗಂಟಲು ಸರಿಮಾಡಿಕೊಂಡರು. ಮೆಲ್ಲಗೆ ತಟ್ಟಿದರು.

"ಯಾರು?" ಎಂದ ಅಳಿಯ, ಹಿಂದಿನಿಂದ. ಬಾಗಿಲು ತಟ್ಟಿದರೆ ಮನೆಯಲ್ಲಿ ಹುಟ್ಟಿ ಬೆಳೆದ ಯಾರ ಬಾಯಿಂದಲೂ ಬರುವ ಮಾತೇ ಅದು.

"ನಾನಪ್ಪಾ, ಹೆಡ್ಮಾಸ್ಟರು. ಸುದ್ದಿ ಗೊತ್ತಾಯ್ತು. ಒಳಗೆ ಬರಬಹುದಾ?"

"ಬನ್ನಿ ಸಾರ್, ಬನ್ನಿ," ಎಂದ ಅಳಿಯ, ಬಾಗಿಲನ್ನು ಒಂದು ಪಕ್ಕಕ್ಕೆ ವಾಲಿಸಿ ದಾರಿ ಬಿಟ್ಟ. ಹೆಡ್ಮಾಸ್ಟರು ಅಂಗಾಲನ್ನು ನೆಲಕ್ಕೆ ಒರೆಸಿಕೊಂಡರು. ಕೋಲನ್ನು ಮುಂದಿಟ್ಟು, ಕಾಲನ್ನು ಜೋಪಾನವಾಗಿ ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿದರು. ದಾಟಿ ಸುತ್ತಲೂ ನೋಡಿದರು. "ಪರವಾಗಿಲ್ವೇ, ಒಳಗೆ ಒಳ್ಳೆ ಗಾಳಿ ಬರುತ್ತೆ," ಎಂದರು.

ಓಣಿಯಲ್ಲಿ ಎಲ್ಲರೂ ತುಟಿ ಕಚ್ಚಿ ನೆಲ ನೋಡುತ್ತಿದ್ದರು. ಮಹಡಿಯ ಕಿಟಕಿಯಿಂದ ಒಂದು ನಗು ಕೆಳಗೆ ಬಿತ್ತು. ಅದು ಹಲ್ಲಮ್ಮನದು. ಅವಳು ತಡೆಯಲು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ನಗು ಬೆರಳಿನ ಸಂದಿಯಿಂದ ನುಗ್ಗಿ ಬಂತು. ಕೆಳಗಿನವರು ತಲೆ ಎತ್ತಿ ನೋಡಿದರು. ನಗುತ್ತಿರುವವಳು ಬೇರೆ ಯಾರೂ ಅಲ್ಲ, ಹಲ್ಲಮ್ಮ ಎಂದು ಕಂಡಿತೋ ಇಲ್ಲವೋ, ಕಟ್ಟೆಯೊಡೆದಂತೆ ಓಣಿಗೆ ಓಣಿಯೇ ಬಿದ್ದು ಬಿದ್ದು ನಗತೊಡಗಿತು.

"ಥೇಟ್ ಸಿನಿಮಾದ ಹಾಗೇ!" ಎಂದು ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. "ಹಲ್ಲಪ್ಪನವರು ಇರಬೇಕಿತ್ತು ಕಣ್ರೀ!"

"ಏನಾಯ್ತು? ಯಾಕೆ ನಗ್ತಿದ್ದೀರಿ? ನಮಗೂ ಹೇಳ್ರಪ್ಪಾ!" ಎಂದು ಮೆಟ್ಟಿಲ ಕತ್ತಲಿನಿಂದ ಪೆಟ್ಟಿಗೆ ಹೊತ್ತವರು ಕೂಗುತ್ತಿದ್ದರು.

ಅತ್ತಿಗೆಯ ಕೈ ಹಲ್ಲಮ್ಮನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಹಿಡಿತ ಎಂಬತ್ತರ ಮುದುಕಿಯದಾಗಿರಲಿಲ್ಲ.

"ಸಾವಿನ ಮನೆಯೋ ನಾಟಕದ ಮನೆಯೋ ಇದು?" ಎಂದರು ಅವರು, ಹಲ್ಲಿಲ್ಲದ ಬಾಯಲ್ಲಿ. "ಜನ ನೋಡ್ತಿದ್ದಾರೆ. ಕಿಟಕಿ ಮುಚ್ಚು."

*

ಹಲ್ಲಪ್ಪ ಎಂಬ ಹೆಸರನ್ನು ಇಟ್ಟವರು ಯಾರೋ ಗೊತ್ತಿಲ್ಲ. ಮನೆಯ ಕೆಳಗಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವರ ಕಸುಬು. ಅವರ ಕೈ ಹಿಡಿದ ಒಂದೇ ತಪ್ಪಿಗೆ ಹೆಂಡತಿ ಹಲ್ಲಮ್ಮನಾದಳು. ಪ್ಲಾಸ್ಟರಿನ ಪುಡಿ, ಗುಲಾಬಿ ಬಣ್ಣದ ಮೇಣ, ಗೋಡೆಯ ಹಲಗೆಯ ಮೇಲೆ ಸಾಲಾಗಿ ಕೂತ ದವಡೆಯ ಅಚ್ಚುಗಳು, ಇವುಗಳ ನಡುವೆ ಅವರ ಆಯುಷ್ಯ ಕಳೆಯಿತು. ಬಂದವರಿಗೆ ಹೇಳುತ್ತಿದ್ದುದು ಮೂರೇ ಮಾತು: "ಬಾಯಿ ತೆಗೀರಿ. ಕಚ್ಚಿ. ಬಿಡಿ."

ಆದರೆ ಸೆಟ್ಟು ಸಿದ್ಧವಾದ ದಿನ ನಾಲ್ಕನೆಯ ಮಾತೊಂದು ಬರುತ್ತಿತ್ತು. "ನಗಿ."

ತಿನ್ನುವಾಗ ಬೀಳದ ಸೆಟ್ಟು ನಗುವಾಗ ಬೀಳುತ್ತದೆ ಎಂಬುದು ಅವರ ಸಿದ್ಧಾಂತ. ನಕ್ಕು ತೋರಿಸದೆ ಯಾರೂ ಕುರ್ಚಿಯಿಂದ ಏಳುವ ಹಾಗಿರಲಿಲ್ಲ. ಹಲ್ಲು ಕಿರಿದು ತೋರಿಸಿದರೆ ಸಾಲದು, ಹೊಟ್ಟೆಯಿಂದ ಬರಬೇಕು. ಹೊಸ ಹಲ್ಲು ಕಚ್ಚಿಕೊಂಡು, ಬಾಯಿ ತುಂಬ ಜೊಲ್ಲು ತುಂಬಿಕೊಂಡು, ಎದುರಿಗೆ ಈ ಗುಮ್ಮನಗುಸ್ಕನ ಮುಖ ನೋಡುತ್ತ ಯಾರಿಗೆ ತಾನೆ ನಗು ಬಂದೀತು? ಹಲ್ಲಪ್ಪನವರಿಗೆ ನಗೆಚಾಟಿಕೆ ಒಂದೂ ಬರುತ್ತಿರಲಿಲ್ಲ. ಹಾಗಾಗಿ ಅವರು ಸಿನಿಮಾದ ಕತೆ ಹೇಳುತ್ತಿದ್ದರು. ಜೀವಮಾನವಿಡೀ ಅದೊಂದೇ ಕತೆ, ಅದೂ ಔಷಧಿ ಚೀಟಿ ಓದುವ ಧ್ವನಿಯಲ್ಲಿ.

"ಒಬ್ಬ ಇರ್ತಾನೆ. ಸಣ್ಣ ಆಳು. ದೊಡ್ಡ ಟೋಪಿ. ಒಂದು ಬಾಗಿಲನ್ನ ಒಂದು ಮನೆಗೆ ತಲುಪಿಸಬೇಕು. ಹೊತ್ಕೊಂಡು ಹೋಗ್ತಾನೆ. ಸುಸ್ತಾಗುತ್ತೆ. ರಸ್ತೆ ಮಧ್ಯೆ ಇಳಿಸಿ ನಿಲ್ಲಿಸ್ತಾನೆ. ಒಬ್ಬ ಬಂದು ಬಾಗಿಲು ತಟ್ತಾನೆ."

"ಆಮೇಲೆ?"

"ಇವನು ತೆಗೀತಾನೆ."

"ಆಮೇಲೆ?"

"ಅವನು ಕಾಲು ಒರೆಸ್ಕೊಂಡು ಒಳಗೆ ಬರ್ತಾನೆ."

"ಒಳಗೆ ಅಂದ್ರೆ ಎಲ್ಲಿಗೆ?"

"ರಸ್ತೇಗೆ."

ಇಲ್ಲಿ ಮೊದಲ ನಗು ಬರುತ್ತಿತ್ತು. ಹಲ್ಲಪ್ಪನವರು ನಗದೆ, ಪುಟ್ಟ ಕನ್ನಡಿಯನ್ನು ಬಾಯಿಯ ಬಳಿ ಹಿಡಿದು ಒಸಡಿನ ಅಂಚು ನೋಡುತ್ತಿದ್ದರು. "ಇನ್ನೂ ಇದೆ. ಪೊಲೀಸಿನವನು ಬರ್ತಾನೆ. ಕಳ್ಳನ್ನ ಹುಡುಕ್ತಾ ಇರ್ತಾನೆ. ಕಳ್ಳ ಬಾಗಿಲ ಹಿಂದೇನೇ ನಿಂತಿರ್ತಾನೆ. ಪೊಲೀಸಿನವನು ಹಿಡಿ ತಿರುಗಿಸಿ ನೋಡ್ತಾನೆ. ಬೀಗ ಹಾಕಿದೆ ಅಂತ ವಾಪಸ್ ಹೋಗ್ತಾನೆ."

ಅಷ್ಟರಲ್ಲಿ ಕುರ್ಚಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡಿರುತ್ತಿದ್ದರು. ಸೆಟ್ಟು ಅಲುಗಾಡದಿದ್ದರೆ "ಏಳಿ" ಎನ್ನುತ್ತಿದ್ದರು. ಅಲುಗಾಡಿದರೆ ತೆಗೆದು, ಉಜ್ಜಿ, ಕತೆಯನ್ನು ಮೊದಲಿನಿಂದ ಶುರು ಮಾಡುತ್ತಿದ್ದರು. ಕತೆ ಎಂದೂ ಕೊನೆ ಮುಟ್ಟುತ್ತಿರಲಿಲ್ಲ. ಕೊನೆಯವರೆಗೂ ತಡೆದುಕೊಂಡವರು ಯಾರೂ ಇರಲಿಲ್ಲ.

ಮಹಡಿಯಲ್ಲಿ ಬಟ್ಟೆ ಮಡಿಸುತ್ತ ಹಲ್ಲಮ್ಮ ನೆಲದ ಹಲಗೆಗಳ ಸಂದಿಯಿಂದ ಇದನ್ನೆಲ್ಲ ಕೇಳುತ್ತಿದ್ದಳು.

*

ಅವಳು ಅವರನ್ನು ಮೊದಲು ಕೇಳಿದ್ದಳು, ಆಮೇಲೆ ನೋಡಿದ್ದಳು.

ಆಗ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿ. ದಿನವಿಡೀ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನವರ ಧ್ವನಿ ಕೇಳಿ ಕೇಳಿ, ಮುಖಕ್ಕಿಂತ ದನಿಯನ್ನೇ ನಂಬುವ ಅಭ್ಯಾಸವಾಗಿತ್ತು. ಒಂದು ಭಾನುವಾರ ಗೆಳತಿಯರೊಂದಿಗೆ ಟಾಕೀಸಿಗೆ ಹೋದಳು. ಹೊಸ ಚಿತ್ರದ ಡಬ್ಬಿ ಬಂದಿರಲಿಲ್ಲವೆಂದು ಅವತ್ತು ಹಳೆಯ ಮೂಕಿ ಚಿತ್ರ ಹಾಕಿದ್ದರು. ಗೆಳತಿಯರು ಗೊಣಗಿದರು. ದೀಪ ಆರಿತು. ಪರದೆಯ ಮೇಲೆ ದೊಡ್ಡ ಟೋಪಿಯ ಸಣ್ಣ ಮನುಷ್ಯ ಬಾಗಿಲೊಂದನ್ನು ಬೆನ್ನಿಗೇರಿಸಿದ. ಆಗ ಮುಂದಿನ ಸಾಲಿನಿಂದ ಒಂದು ನಗು ಎದ್ದಿತು.

ಅಂಥ ನಗುವನ್ನು ಅವಳು ಯಾವ ತಂತಿಯಲ್ಲೂ ಕೇಳಿರಲಿಲ್ಲ. ಬಾವಿಗೆ ಬಿಟ್ಟ ಕೊಡದ ಹಾಗೆ ಮೊದಲು ಗುಡುಗುಡು, ಆಮೇಲೆ ತುಂಬಿ ಬರುವ ಸದ್ದು. ಅದೂ ಎಲ್ಲರಿಗಿಂತ ಒಂದು ಉಸಿರು ಮೊದಲೇ. ಆ ನಗು ಕೇಳಿ ಜನ ನಗುತ್ತಿದ್ದರು. ಬಾಗಿಲು ಹೊತ್ತವನಿಗಿಂತ ಹೆಚ್ಚಾಗಿ ಅದನ್ನೇ ಕೇಳಲು ಅವಳು ಮುಂದಕ್ಕೆ ಬಾಗಿದಳು. ಕತ್ತಲಲ್ಲಿ ಕಂಡದ್ದು ಎರಡು ಕಿವಿ ಮಾತ್ರ: ಮೊರದಂಥ ಅಗಲ ಕಿವಿ, ಪರದೆಯ ಬೆಳಕು ಹಾದು ಕೆಂಪಗೆ ಹೊಳೆಯುತ್ತಿದ್ದವು.

ಕೆಲವು ದಿನಗಳಲ್ಲಿ ಅಪ್ಪನಿಗೆ ಹಲ್ಲು ಕಟ್ಟಿಸಲು ಕರೆದುಕೊಂಡು ಹೋದಾಗ ಕಿಟಕಿಗೆ ಬೆನ್ನು ಹಾಕಿ ಕೂತು ಮೇಣ ತೀಡುತ್ತಿದ್ದವನ ಕಿವಿಗಳು ಕೆಂಪಗೆ ಹೊಳೆದವು. ಅವಳು ಅಲ್ಲೇ ತೀರ್ಮಾನಿಸಿಬಿಟ್ಟಳು.

"ಆ ಗುಮ್ಮನಗುಸ್ಕನ್ನಾ?" ಎಂದು ಗೆಳತಿಯರು ಹೌಹಾರಿದರು. "ಅವನು ನಗೋದನ್ನ ಅವನ ಹೆತ್ತಮ್ಮನೂ ನೋಡಿಲ್ವಂತೆ ಕಣೇ!"

"ನಾನು ಕೇಳಿದ್ದೀನಿ," ಎಂದಳು ಅವಳು.

ಮದುವೆಯಾದ ಮೇಲೆ ಮೊದಲ ಕೆಲವು ತಿಂಗಳು ಅವಳು ಮೋಸ ಹೋದೆನೆಂದೇ ಅಂದುಕೊಂಡಿದ್ದಳು. ಎಕ್ಸ್‌ಚೇಂಜಿನಲ್ಲಿ ಕೇಳಿದ ತಮಾಷೆಗಳನ್ನೆಲ್ಲ ಹೇಳಿದಳು. ಅವರು ಪೂರ್ತಿ ಕೇಳಿ, "ಚೆನ್ನಾಗಿದೆ," ಎನ್ನುತ್ತಿದ್ದರು. ಒಮ್ಮೆ ಅವಳು ಜಾರಿ ಹಿಟ್ಟಿನ ಡಬ್ಬಿಯ ಮೇಲೆ ಬಿದ್ದು ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ ಎದ್ದು ನಿಂತಾಗಲೂ ಅವರು ಗಾಬರಿಯಾಗಿ ನೀರು ತಂದುಕೊಟ್ಟರೇ ಹೊರತು ತುಟಿ ಅರಳಲಿಲ್ಲ. ಒಳ್ಳೆಯವರು, ಜಗಳವಿಲ್ಲ ಜೋರಿಲ್ಲ. ಆದರೆ ಅವಳು ಕಟ್ಟಿಕೊಂಡಿದ್ದ ನಗು ಎಲ್ಲಿ?

ಮಾರನೆಯ ವರ್ಷ ಟಾಕೀಸಿನವರು ಮತ್ತೆ ಆ ಡಬ್ಬಿ ತೆಗೆದರು. ಹಲ್ಲಪ್ಪನವರು ಮುಂದಿನ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ಅವಳು. ದೀಪ ಆರಿತು. ಪರದೆ ಬೆಳಗಿತು. ಬೀಗ ಕಳಚಿದಂತೆ ಆ ಮುಖ ತೆರೆದುಕೊಂಡಿತು. ಹಣೆಯ ಗಂಟು ಸಡಿಲವಾಯಿತು, ಕೆನ್ನೆ ಉಬ್ಬಿತು, ಏಳೆಂಟು ವರ್ಷದ ಹುಡುಗನೊಬ್ಬ ಅಲ್ಲಿ ಕೂತು ಕೇಕೆ ಹಾಕುತ್ತಿದ್ದ. ಅವಳಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ. ಅಂದಿನಿಂದ ಪ್ರತಿ ವರ್ಷ ಅವಳು ಕಾಯುತ್ತಿದ್ದಳು. ಪ್ರತಿ ವರ್ಷವೂ ಅವಳ ಮುಖ ಪರದೆಯ ಕಡೆಗಿರುತ್ತಿರಲಿಲ್ಲ.

*

ಮಣ್ಣು ಹಾಕಿದ್ದಾಯಿತು. ಸಣ್ಣ ಬಿಸಿಲು, ಹುಲ್ಲಿನ ಮೇಲೆ ಗಾಳಿ. ಜನ ಗುಂಪು ಗುಂಪಾಗಿ ನಿಂತು ಮಾತನಾಡುತ್ತಿದ್ದರು. ಬಡಗಿ ಕೋಟು ಕೊಡವುತ್ತಿದ್ದ ಅಳಿಯನಿಗೆ, "ಸಾರ್, ಸಂಜೆ ಒಳಗೆ ಬಾಗಿಲು ಕೂರಿಸಿಬಿಡ್ತೀನಿ," ಎನ್ನುತ್ತಿದ್ದ. "ಯಾವ ಸಂಜೆ ಅಂತ ಬರೆಸ್ಕೊಳ್ಳಿ," ಎಂದರು ಕಪಾಟಿನವರು.

ಟಾಕೀಸಿನ ಯಜಮಾನರು ಹಲ್ಲಮ್ಮನ ಹತ್ತಿರ ಬಂದು ಟೋಪಿ ತೆಗೆದರು. ದುಂಡು ಮನುಷ್ಯ. ಬಾಯಲ್ಲಿದ್ದುದು ಮೇಲಿನ ಸಾಲೂ ಕೆಳಗಿನ ಸಾಲೂ ಹಲ್ಲಪ್ಪನವರ ಕೈಕೆಲಸವೇ.

"ಅಕ್ಕಾ, ಒಂದು ಮಾತು. ತಪ್ಪು ತಿಳ್ಕೋಬಾರದು. ಇವತ್ತು ಸಂಜೆ ಆಟ ಬೇರೆ ಯಾವುದೂ ಬೇಡ, ಅವರ ಚಿತ್ರಾನೇ ಹಾಕೋಣ ಅಂತ ಆಪರೇಟರಿಗೆ ಹೇಳಿದ್ದೀನಿ. ಎಲ್ಲರಿಗೂ ಬಿಟ್ಟಿ. ಆ ಡಬ್ಬಿ ನಮ್ಮಲ್ಲಿ ಉಳಿದಿರೋದೇ ಅವರಿಂದ. ಕೊಟ್ಟ ಕಂಪನಿಯವರು ಅಂಗಡಿ ಮುಚ್ಕೊಂಡು ಹೋದ್ರು. ಎಸೆದುಬಿಡೋಣ ಅಂದಾಗೆಲ್ಲ ಹಲ್ಲಪ್ಪನವರು ಬಂದು, 'ಈ ವರ್ಷ ಯಾವತ್ತು?' ಅಂತ ಕೇಳೋರು. ನೀವೂ ಬರಬೇಕು."

ಹಲ್ಲಮ್ಮ ಬಾಯಿ ತೆರೆಯುವ ಮೊದಲೇ ಅತ್ತಿಗೆ ಅಡ್ಡ ಬಂದರು.

"ಮಣ್ಣಿನ ಹಸಿ ಆರಿಲ್ಲ, ಸಿನಿಮಾ ಅಂತೆ! ಯಾರೂ ಬರೋದಿಲ್ಲ."

ಮಗಳು ತಾಯಿಯ ಮುಖ ನೋಡಿದಳು. "ಅಮ್ಮಾ, ಅಪ್ಪಂಗೆ ಇಷ್ಟ ಆಗ್ತಿತ್ತು..."

"ನಿಮ್ಮಪ್ಪಂಗೆ ಇಷ್ಟ ಆಗೋದು ಬೇರೆ, ಊರ ಬಾಯಿ ಬೇರೆ ಮಗಾ," ಎಂದರು ಅತ್ತಿಗೆ. "ಬೆಳಿಗ್ಗೆ ಕಿಟಕೀಲಿ ಆಗಿದ್ದು ಸಾಲ್ದಾ?"

ಟಾಕೀಸಿನವರು ಟೋಪಿಯನ್ನು ಕೈಯಲ್ಲಿ ಸುತ್ತುತ್ತ ಹಿಂದೆ ಸರಿದರು. ಅತ್ತಿಗೆ ಬೇಡವೆಂದದ್ದು ಹಲ್ಲಮ್ಮನಿಗೆ ಒಳಗೊಳಗೇ ನಿರಾಳವಾಗಿತ್ತು. ಅವಳ ಅಂಜಿಕೆ ಊರ ಬಾಯಿಯದಲ್ಲ. ಆ ಕತ್ತಲಲ್ಲಿ, ಆ ಮುಂದಿನ ಸಾಲಿನಲ್ಲಿ, ಪಕ್ಕದ ಕುರ್ಚಿ ಸುಮ್ಮನಿದ್ದರೆ?

ಗಾಡಿ ತಿರುಗಿಸಿಕೊಂಡು ಬರುವವರೆಗೆ ಅವಳೂ ಅತ್ತಿಗೆಯೂ ಮರದ ಕೆಳಗಿನ ಬೆಂಚಿನಲ್ಲಿ ಕೂತರು. ಅತ್ತಿಗೆ ಚೀಲದ ಬಾಯಿ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು.

"ಕೈ ನೋವಾಯ್ತಾ? ಬೆಳಿಗ್ಗೆ ಜೋರಾಗಿ ಹಿಡಿದುಬಿಟ್ಟೆ."

"ಇಲ್ಲ ಅತ್ತಿಗೆ."

"ನಿನ್ನ ಮೇಲೆ ಸಿಟ್ಟಲ್ಲ ಕಣೇ. ನಂಗೆ ನಗು ಬಂದುಬಿಟ್ಟಿತ್ತು. ಎಲ್ಲಿ ಹೊರಗೆ ಬಂದುಬಿಡುತ್ತೋ ಅಂತ ಹಿಡ್ಕೊಂಡೆ."

ಹಲ್ಲಮ್ಮ ತಿರುಗಿ ನೋಡಿದಳು. ಅತ್ತಿಗೆ ನೇರ ಮುಂದೆ ನೋಡುತ್ತಿದ್ದರು.

"ಅವನಿಗೆ ಆ ಸಿನಿಮಾ ತೋರಿಸಿದ್ದು ಯಾರು ಅಂದ್ಕೊಂಡಿದ್ದೀಯ? ನಾನೇ. ಅಮ್ಮನ್ನ ಮಣ್ಣು ಮಾಡಿದ ದಿನ."

"ಇವರು ಯಾವತ್ತೂ ಹೇಳಿಲ್ಲ!"

"ಅವನು ಏನು ತಾನೆ ಹೇಳ್ತಿದ್ದ? ಆಗಲೂ ಹಾಗೇ. ಅಮ್ಮ ಮಲಗಿದಾಗಿಂದ ಬಾಯೇ ಬಿಟ್ಟಿರಲಿಲ್ಲ ಹುಡುಗ. ಅಳಲೂ ಇಲ್ಲ. ಮನೆ ತುಂಬ ಜನ, ಒಬ್ಬೊಬ್ಬರೂ ಬಂದು ಅವನ ತಲೆ ಸವರಿ, 'ಅತ್ತುಬಿಡೋ ಕಂದಾ' ಅನ್ನೋರು. ಇವನು ಗೋಡೆ ಹಾಗೆ ಕೂತಿರೋನು. ನಂಗೆ ಹೆದರಿಕೆ ಆಯ್ತು. ನಾನೂ ದೊಡ್ಡವಳೇನಲ್ಲ, ಇನ್ನೂ ಶಾಲೆಗೆ ಹೋಗ್ತಿದ್ದೆ. ಹಿತ್ತಿಲ ಕಡೆಯಿಂದ ಎಬ್ಬಿಸ್ಕೊಂಡು ಹೊರಟೆ. ಎಲ್ಲಿಗೆ ಅಂತ ಗೊತ್ತಿಲ್ಲ. ಟಾಕೀಸು ಸಿಕ್ತು, ಒಳಗೆ ಹೋದ್ವಿ. ಆಗಲೇ ಅದು ಹಳೇ ಸಿನಿಮಾ, ಹಾಲು ಅರ್ಧ ಖಾಲಿ. ಆ ಟೋಪಿಯವನು ಬಾಗಿಲು ಹೊತ್ಕೊಂಡು ತಿರುಗ್ತಾನಲ್ಲ, ನಮ್ಮವನು ಕಣ್ಣು ಮಿಟುಕಿಸದೆ ನೋಡ್ತಾ ಇದ್ದ. ಇದ್ದಕ್ಕಿದ್ದಂತೆ ನಕ್ಕ. ನಾನು ಅವನ ಮುಖ ನೋಡಿ ನಕ್ಕೆ. ಆಮೇಲೆ ನಿಲ್ಲಿಸೋಕೇ ಆಗಲಿಲ್ಲ, ಇಬ್ಬರಿಗೂ. ನಗ್ತಾ ನಗ್ತಾ ಅಳು ಬಂತು. ಅವನಿಗೂ ಬಂತು. ಅವತ್ತೇ ಅವನು ಅತ್ತಿದ್ದು."

ಗಾಡಿ ಗೇಟಿನ ಹತ್ತಿರ ಬಂದು ನಿಂತಿತು. ಇಬ್ಬರೂ ಏಳಲಿಲ್ಲ.

"ಮನೆಗೆ ಬರೋವಾಗಲೂ ನಗು ಇಳಿದಿರಲಿಲ್ಲ. ಇವನು ಅಂಗಳದಲ್ಲಿ ಒಂದು ಹಲಗೆ ಬೆನ್ನಿಗೆ ಹಾಕ್ಕೊಂಡು ಆ ಟೋಪಿಯವನ ಹಾಗೆ ನಡೆದು ತೋರಿಸ್ದ. ನಾನು ಕಿಸಕ್ಕಂತ ನಕ್ಕೆ. ಎಲ್ಲರೂ ನೋಡಿದ್ರು. ಹುಡುಗನ್ನ ಯಾರೂ ಏನೂ ಅನ್ನಲಿಲ್ಲ. ನಂಗೆ ಮಾತ್ರ 'ತಾಯಿ ಸತ್ತ ದಿನ ಹಲ್ಲು ಕಿರಿದ ಹುಡುಗಿ' ಅಂತ ಹೆಸರು ಬಿತ್ತು. ಮದುವೆಯಾಗಿ ಆ ಊರು ಬಿಡೋವರೆಗೂ ಬಿಡಲಿಲ್ಲ ಆ ಹೆಸರು. ಆಮೇಲೆ ನಾನು ನಾಲ್ಕು ಜನರ ಮುಂದೆ ನಗೋದನ್ನೇ ಬಿಟ್ಟೆ. ಇವನು ಎಷ್ಟು ಸಲ ಕರೆದ, 'ಅಕ್ಕಾ, ಬಾ, ನಿಂಗೊಂದು ಸೆಟ್ಟು ಮಾಡಿಕೊಡ್ತೀನಿ' ಅಂತ. ನಾನು ಹೋಗಲಿಲ್ಲ. ಆ ಕುರ್ಚೀಲಿ ಕೂರಿಸಿ ನಗಿಸ್ತಾನೆ ಅಂತ ಗೊತ್ತಿತ್ತು."

ತಮ್ಮನೇ ಹಲ್ಲು ಕಟ್ಟುವವನಾಗಿದ್ದರೂ ಅತ್ತಿಗೆ ಬೋಳು ಬಾಯಲ್ಲಿ ಓಡಾಡುವುದನ್ನು ಹಲ್ಲಮ್ಮ ಇಷ್ಟು ವರ್ಷ ಹಟವೆಂದೇ ತಿಳಿದಿದ್ದಳು. ನಗುವ ಹೆಂಗಸನ್ನು ನಂಬಬಾರದು ಎಂದು ಗಾದೆ ಮಾಡಿದವರನ್ನು ಕರೆದು ತಂದು ಈ ಬೆಂಚಿನಲ್ಲಿ ಕೂರಿಸಬೇಕೆನ್ನಿಸಿತು.

"ಅತ್ತಿಗೆ, ಕೊನೇಲಿ ಏನಾಗುತ್ತೆ?"

"ಯಾವುದರ ಕೊನೇಲಿ?"

"ಆ ಸಿನಿಮಾದ್ದು. ಬಾಗಿಲು ತಲುಪಿಸ್ತಾನಾ ಅವನು?"

"ಏನೇ ಹಾಗಂದ್ರೆ? ವರ್ಷಾವರ್ಷ ಹೋಗ್ತಿದ್ದೆಯಲ್ಲೇ!"

"ಹೋಗ್ತಿದ್ದೆ. ನಾನು ಇವರ ಮುಖ ನೋಡ್ತಿದ್ದೆ ಅತ್ತಿಗೆ. ಪರದೆ ಕಡೆ ನೋಡಿದ್ದು ಕಡಿಮೆ. ಕೊನೇ ಹೊತ್ತಿಗಂತೂ ಇವರು ಕಣ್ಣಲ್ಲಿ ನೀರು ಸುರಿಸ್ಕೊಂಡು ನಗೋರು, ಅದನ್ನ ಬಿಟ್ಟು ಯಾರು ಪರದೆ ನೋಡ್ತಾರೆ? ಮನೇಲೂ ಕತೆ ಕೊನೇವರೆಗೆ ಯಾವತ್ತೂ ಬಂದಿಲ್ಲ. ಈಗ ನೀವೇ ಹೇಳಿ."

ಅತ್ತಿಗೆ ಏನೋ ಹೇಳಲು ಬಾಯಿ ತೆರೆದರು. ತುಟಿಯ ಅಂಚು ಅಲುಗಿತು. ತಲೆ ಅಲ್ಲಾಡಿಸಿದರು.

"ಊಹೂಂ. ಅದನ್ನ ಹೇಳಿದ್ರೆ ಚೆನ್ನಾಗಿರಲ್ಲ. ನೋಡಬೇಕು."

ಚೀಲ ಹಿಡಿದುಕೊಂಡು ಎದ್ದರು. ಗೇಟಿನ ಹತ್ತಿರ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ ಟಾಕೀಸಿನವರ ಮುಂದೆ ಹೋಗಿ, "ಆಟ ಎಷ್ಟು ಹೊತ್ತಿಗೆ?" ಎಂದು ಗದರಿಸುವ ಧ್ವನಿಯಲ್ಲಿ ಕೇಳಿದರು.

*

ಟಾಕೀಸು ತುಂಬಿತ್ತು. ಸ್ಮಶಾನದಿಂದ ನೇರ ಬಂದವರೂ ಇದ್ದರು, ಬೂಟಿನಲ್ಲಿ ಇನ್ನೂ ಮಣ್ಣಿತ್ತು. ಮುಂದಿನ ಸಾಲಿನಲ್ಲಿ ಹಲ್ಲಮ್ಮ, ಅತ್ತಿಗೆ, ಮಗಳು, ಅಳಿಯ. ಹೆಡ್ಮಾಸ್ಟರು ಕಣ್ಣು ಸರಿಯಾಗಿ ಕಾಣಿಸದಿದ್ದರೂ ಹತ್ತಿರದಿಂದ ನೋಡುತ್ತೇನೆಂದು ಹಟ ಹಿಡಿದು ಅಲ್ಲೇ ತುದಿಯಲ್ಲಿ ಕೂತಿದ್ದರು. ಬೆಳಿಗ್ಗೆ ತಾವು ಮಾಡಿದ್ದು ಅವರಿಗೆ ಆಮೇಲೆ ಗೊತ್ತಾಗಿ, ಮೊದಲು ನಾಚಿ, ಈಗ ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತಿದ್ದರು.

ದೀಪ ಆರಿತು. ಹಿಂದಿನಿಂದ ಯಂತ್ರದ ಕಟಕಟ ಸದ್ದು. ಪರದೆಯ ತುಂಬ ಗೀರು, ಮಳೆ ಹನಿ ಬಿದ್ದಂಥ ಚುಕ್ಕೆ. ಅವುಗಳ ನಡುವಿನಿಂದ ದೊಡ್ಡ ಟೋಪಿಯ ಸಣ್ಣ ಮನುಷ್ಯ ಬಂದ. ಹಲ್ಲಮ್ಮ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು, ಕುತ್ತಿಗೆ ನೆಟ್ಟಗೆ ಮಾಡಿ, ನೇರ ಅವನನ್ನೇ ನೋಡಿದಳು. ಎಂಥ ಕಣ್ಣುಗಳು! ಏನು ಗಂಭೀರ ಮುಖ! ಅವನು ನಗುತ್ತಲೇ ಇರಲಿಲ್ಲ. ಲೋಕವೆಲ್ಲ ತಲೆಕೆಳಗಾದರೂ ಒಪ್ಪಿಕೊಂಡ ಕೆಲಸ ಮುಗಿಸಬೇಕೆಂಬ ಒಂದೇ ಚಿಂತೆಯಲ್ಲಿ, ಬಾಯಿ ಮುಚ್ಚಿಕೊಂಡು, ಬೆನ್ನು ಬಗ್ಗಿಸಿ ನಡೆಯುತ್ತಿದ್ದ. ಬಾಯಿ ಬಿಡುವ ಹಾಗಿದ್ದರೆ ಇವನೂ ಹಲ್ಲಪ್ಪನವರಂತೆ 'ಚೆನ್ನಾಗಿದೆ' ಎಂದೇಬಿಡುತ್ತಿದ್ದ.

ಅವನು ಬಾಗಿಲನ್ನು ರಸ್ತೆಯಲ್ಲಿ ನಿಲ್ಲಿಸಿದ. ಒಬ್ಬ ಬಂದು ತಟ್ಟಲು ಕೈ ಎತ್ತಿದ.

ಇಲ್ಲಿ ಆ ನಗು ಬರಬೇಕಿತ್ತು, ಒಂದು ಉಸಿರು ಮೊದಲು. ಇಡೀ ಟಾಕೀಸಿಗೆ ಅದು ಗೊತ್ತಿತ್ತು. ಹೇಳಿಕೊಟ್ಟವರಂತೆ ಎಲ್ಲರೂ ಆ ಒಂದು ಉಸಿರನ್ನು ಬಿಟ್ಟುಕೊಟ್ಟು ಕಾದರು. ಹಲ್ಲಮ್ಮ ಕಣ್ಣು ಮುಚ್ಚಲಿದ್ದಳು. ಅಷ್ಟರಲ್ಲಿ ಪಕ್ಕದಿಂದ ತುಕ್ಕು ಹಿಡಿದ ಚಿಲಕ ಸರಿದಂಥ ಸದ್ದೊಂದು ಬಂತು. ಅತ್ತಿಗೆ. ಬೋಳು ಬಾಯಿ ಪೂರ್ತಿ ತೆರೆದು, ತಲೆ ಹಿಂದಕ್ಕೆ ಹಾಕಿ, ಹೆದರಿದವರ ಹಾಗೆ ಎರಡು ಸಲ ನಿಂತು, ಮೂರನೆಯ ಸಲ ಯಾರ ಹಂಗೂ ಇಲ್ಲದೆ ನಕ್ಕರು. ಅದರ ಹಿಂದೆಯೇ ಟಾಕೀಸು ಭೋರ್ಗರೆಯಿತು. ಹಲ್ಲಮ್ಮ ಅತ್ತ ತಿರುಗಲಿಲ್ಲ. ಪರದೆಯನ್ನೇ ನೋಡುತ್ತ, ಕಾಲು ಒರೆಸಿಕೊಂಡು ರಸ್ತೆಯೊಳಗೆ ಬಂದವನನ್ನು ಕಂಡು, ಪಕ್ಕೆ ಹಿಡಿದುಕೊಂಡಳು.

ಪೊಲೀಸಿನವನು ಬಂದ. ಕಳ್ಳ ಬಂದ. ಪ್ರೇಮಿಗಳಿಬ್ಬರು ಜಗಳವಾಡಿ ಬಾಗಿಲನ್ನು ದಡಾರನೆ ಹಾಕಿಕೊಂಡರು. ಆ ದಡಾರ್ ಸದ್ದು ಮೂಕಿ ಚಿತ್ರದಲ್ಲೂ ಕೇಳಿಸಿತು ಎಂದು ಹೆಡ್ಮಾಸ್ಟರು ಆಣೆ ಮಾಡಿದರು. ಹೂ ಮಾರುವ ಹುಡುಗಿಯೊಬ್ಬಳು ಬಾಗಿಲು ಹೊತ್ತವನ ಜೊತೆಯಾದಳು. ಇಬ್ಬರೂ ಊರು ದಾಟಿ, ಗುಡ್ಡ ಹತ್ತಿ, ಕೈಯಲ್ಲಿದ್ದ ವಿಳಾಸದ ಚೀಟಿ ನೋಡುತ್ತ ಹೊರಟರು. ಗುಡ್ಡದ ಆಚೆ ಇಣುಕಿದರು. ಅವನ ಕಣ್ಣು ಅಗಲವಾಯಿತು.

ಪಟ್ ಎಂದು ರೀಲು ತುಂಡಾಯಿತು. ಪರದೆ ಬೆಳ್ಳಗೆ ಹೊಳೆದು ನಿಂತಿತು.

"ಅಯ್ಯೋ!" ಎಂದಿತು ಟಾಕೀಸು ಒಕ್ಕೊರಲಿನಿಂದ.

"ಅಂಟಿಸ್ತೀನಿ, ತಡ್ಕೊಳ್ಳಿ! ಕೊನೇ ತುಂಡು ಪುಡಿಪುಡಿ ಆಗಿದೆ," ಎಂದು ಆಪರೇಟರ್ ಮೇಲಿನ ಕಿಂಡಿಯಿಂದ ಕೂಗಿದ.

ಹಲ್ಲಮ್ಮ ಅತ್ತಿಗೆಯ ತೋಳು ಹಿಡಿದಳು. "ಏನು ಕಂಡಿತು ಅವನಿಗೆ? ಗುಡ್ಡದ ಆಚೆ?"

"ಮನೆ ಇಲ್ಲ!" ಎಂದು ಹಿಂದಿನ ಸಾಲಿನಿಂದ ಒಬ್ಬ ಹೇಳಿದ. "ಬರೀ ಬಯಲು!"

"ಅವನು ಚೀಟಿ ತಿರುಗಿಸಿ ನೋಡ್ತಾನೆ," ಎಂದಿತು ಇನ್ನೊಂದು ದನಿ.

"ಬಾಗಿಲನ್ನ ಬಯಲಲ್ಲೇ ನಿಲ್ಲಿಸ್ತಾನಮ್ಮಾ, ಕಲ್ಲು ಕೊಟ್ಟು."

"ಮೊದ್ಲು ಟೋಪಿ ತೆಗೀತಾನೆ!"

"ಇಲ್ಲ, ಮೊದ್ಲು ತಟ್ತಾನೆ! ಯಾರೂ ಇಲ್ಲ ಅಂತ ಗೊತ್ತಿದ್ರೂ ತಟ್ತಾನೆ!" ಇದು ಬಡಗಿ. ಬಾಗಿಲಿನ ವಿಷಯದಲ್ಲಿ ಅವನ ಮಾತಿಗೆ ಯಾರೂ ಎದುರಾಡಲಿಲ್ಲ.

"ತೆಗೆದು, ಬಗ್ಗಿ, ಹುಡುಗೀನ ಒಳಗೆ ಕರೀತಾನೆ. ಅವಳು ಕಾಲು ಒರೆಸ್ಕೊಳ್ತಾಳೆ."

"ಇವನೂ ಹೋಗ್ತಾನೆ. ಚಿಲಕ ಹಾಕ್ತಾನೆ. ಭದ್ರವಾಗಿದೆಯಾ ಅಂತ ಎಳೆದು ನೋಡ್ತಾನೆ." ಹೇಳುತ್ತಿದ್ದ ಅಳಿಯನ ದನಿ ನಗುವಿನಲ್ಲಿ ಒಡೆಯಿತು.

ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಸೇರಿ ನಗು ಏರುತ್ತ ಹೋಯಿತು. ಪರದೆಯ ಮೇಲೆ ಏನೂ ಇರಲಿಲ್ಲ. ಆ ಬಿಳಿ ಬೆಳಕು ಸಾಲು ಸಾಲು ಮುಖಗಳ ಮೇಲೆ ಬಿದ್ದಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಹಲ್ಲಮ್ಮನೂ ನೋಡುತ್ತಿದ್ದಳು: ಅಲ್ಲಿ, ಸ್ವಲ್ಪ ಎಡಗಡೆಗೆ ಬಯಲಿನಲ್ಲಿ ಒಂಟಿ ಬಾಗಿಲು. ಅದರ ಹಿಂದೆ ಇಬ್ಬರು, ಮನೆಯೊಳಗೆ ಕೂತವರಂತೆ ನೆಮ್ಮದಿಯಾಗಿ ಕೂತಿದ್ದರು.

"ಆಮೇಲೆ?" ಎಂದಳು ಅವಳು.

"ಆಮೇಲೆ ಮಳೆ ಬರುತ್ತೆ!" ಎಂದು ಇಡೀ ಟಾಕೀಸು ಕೂಗಿತು. "ಜೋರು ಮಳೆ!"

ಅತ್ತಿಗೆ ನಗುತ್ತ, ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ, ಬಿಳಿ ಪರದೆಯಿಂದ ಕಣ್ಣು ಕೀಳದೆ, ಎದೆಗೆ ಅವುಚಿಕೊಂಡಿದ್ದ ಕೈಚೀಲವನ್ನು ಎತ್ತಿ ತಲೆಯ ಮೇಲೆ ಹಿಡಿದುಕೊಂಡರು. ಒಂದು ಕ್ಷಣ ಬಿಟ್ಟು, ಅದರ ಅರ್ಧವನ್ನು ಹಲ್ಲಮ್ಮನ ತಲೆಯ ಮೇಲಕ್ಕೆ ಸರಿಸಿದರು.